ಶೊಶೊಲೋಜ: ಒಂದು ಗಣಿಗೀತೆಯ ಅರ್ಥವಿಚಾರ

ಕೆಲಸ ಮಾಡುತ್ತ ಹಾಡುವ ಹಾಡುಗಳನ್ನು ಕುರಿತು ನಮ್ಮ ಲಕ್ಷಣಗ್ರಂಥಗಳು ಹೆಚ್ಚು ಮಾತನಾಡಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ, ಮಹಾರಾಷ್ಟ್ರದ ಹೆಂಗಸರು ಧಾನ್ಯವನ್ನು ಕುಟ್ಟುವಾಗ ಓವಿಯನ್ನು ಹಾಡುವರೆಂಬ ಮಾತೊಂದು ಬರುವುದು. ಅರಮನೆಯ ಗ್ರಂಥವೊಂದು ಒನಕೆಯ ಹಾಡನ್ನು ಗೇಯಪ್ರಬಂಧಗಳ ಸಾಲಿನಲ್ಲಿ ಹೆಸರಿಸಿತೆಂಬುದೇ ಒಂದು ವಿಶೇಷ. ಆದರೆ ಅಂತಹ ಹಾಡಿಗೆ ಅರ್ಥ ಹೇಳುವ ಕ್ರಮವೇನು, ಕಾವ್ಯಕ್ಕೆ ಹೇಳುವಂತೆಯೇ ಪದ, ಅನ್ವಯ, ತಾತ್ಪರ್ಯಗಳನ್ನು ಹೇಳಿದರೆ ಸಾಕೇ ಎಂಬ ಪ್ರಶ್ನೆಯನ್ನು ಹಿಂದಿನವರು ಎತ್ತಿದಂತೆ ಕಾಣುವುದಿಲ್ಲ. ಈ ಪ್ರಶ್ನೆಯನ್ನು ಆಫ್ರಿಕ ಖಂಡದ ದಕ್ಷಿಣಭಾಗದ ಒಂದು ಗಣಿಗೀತೆಯನ್ನು ಮುಂದಿಟ್ಟುಕೊಂಡು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ. ಹಾಡಿನ ಹೆಸರು ‘ಶೊಶೊಲೋಜ’.

ಈ ಹಾಡು ಙ್ಗುನಿ ಭಾಷಾವರ್ಗಕ್ಕೆ ಸೇರಿದುದು. ನಮ್ಮ ವರ್ಣಮಾಲೆಯಲ್ಲಿದ್ದೂ ಪದದ ಮೊದಲಿಗೆ ಎಂದೂ ಬಾರದ ಙಕಾರವು ಅಲ್ಲಿ ಒಂದು ಜನವರ್ಗದ ಹೆಸರಿನ ಮೊದಲಿಗೇ ಬಂದಿರುವುದನ್ನು ಕಂಡು, ಬಾಲ್ಯದಲ್ಲಿ ಆ ಅಕ್ಷರವನ್ನು ಸುಮ್ಮನೆ ತಿದ್ದಿದ ನಮ್ಮಂಥವರಿಗೆ ಒಂದು ಬಗೆಯ ಸಂತೋಷವಾಗುವುದು. ಜುಲು, ಖೋಸ, ಸ್ವಾತಿ, ನ್ದೆಬೆಲೆ ಎಂಬವು ಈ ವರ್ಗದ ಮುಖ್ಯ ಭಾಷೆಗಳು. ಇವುಗಳಲ್ಲಿ ಜಿಂಬಾಬ್ವೆಯ ನ್ದೆಬೆಲೆಯು ಜುಲುವಿಗೆ ಅತಿ ಸಮೀಪವಾದುದು. ಜುಲು ದೊರೆ ಶಾಕನ ಕೈಕೆಳಗಿನ ನಾಯಕನಾಗಿದ್ದ ಮ್ಜಿಲಿಕಾಜಿಯೆಂಬವನು 1820ರ ದಶಕದಲ್ಲಿ ಅವನೊಡನೆ ಮುರಿದುಕೊಂಡು, ತನ್ನ ಜನರೊಡನೆ ಉತ್ತರಕ್ಕೆ ಸಾಗಿ, ಕಡೆಗೆ ಲಿಂಪೊಪೊ ನದಿಯನ್ನು ದಾಟಿ ನೆಲಸಿದನು. ಆ ಜನರ ನುಡಿಯೇ ಈ ನ್ದೆಬೆಲೆ. ಆಮೇಲೆ ಆ ದೇಶವು ಬ್ರಿಟಿಷರ ವಶವಾಗಿ ರೊಡೀಷಿಯವೆನಿಸಿಕೊಂಡು, 1980ರಲ್ಲಿ ಜಿಂಬಾಬ್ವೆಯಾಯಿತು.

1886ರಲ್ಲಿ ವಿಟ್ವಾಟರ್ಸ್‌ರ್‍ಯಾಂಡ್ ಎಂಬ ದಿಣ್ಣೆಯ ಸಾಲಿನಲ್ಲಿ ಚಿನ್ನವು ಸಿಕ್ಕಿತು. ಅದೇ ವರ್ಷ ಜೊಹಾನ್ಸ್‌ಬರ್ಗ್ ಪಟ್ಟಣವು ಹುಟ್ಟಿತು. ಅಲ್ಲಿಯ ಅದಿರಿನಲ್ಲಿ ಚಿನ್ನದ ಅಂಶವು ಅಲ್ಪ, ಆದರೆ ಅದಿರು ಅಪಾರ. ಪದರವು ಓರೆಯಾಗಿ ಬಹು ಆಳಕ್ಕೆ ಇಳಿಯುವುದು. ಆದುದರಿಂದ ಲಕ್ಷಾಂತರ ಆಳುಗಳು ಅತ್ಯಲ್ಪ ಕೂಲಿಗೆ ದೊರೆತ ಹೊರತು ಗಣಿಗಾರಿಕೆಯು ಲಾಭಕರವಾಗುವಂತಿರಲಿಲ್ಲ. ಆಳುಗಳು ತಾವಾಗಿ ಬಾರದಿದ್ದಾಗ ತಲೆಗಂದಾಯ, ಗುಡಿಸಲು ತೆರಿಗೆಗಳು ಅವರನ್ನು ಹೊರಡಿಸಿದುವು. ದಕ್ಷಿಣ ಆಫ್ರಿಕದಲ್ಲಿ 1913ರ ಭೂಕಾನೂನು ಕರಿಯರ ಭೂಸ್ವಾಮ್ಯವನ್ನು ದೇಶದ ನೆಲದಲ್ಲಿ ಸುಮಾರು ನೂರಕ್ಕೆ 7 ಪಾಲಿಗೆ ಕಟ್ಟಿಹಾಕಿತು. ಮೊಜಾಂಬಿಕ್, ಲೆಸೊಥೊ, ಮಲಾವಿ, ರೊಡೀಷಿಯಗಳಿಂದಲೂ ಗಂಡಸರು ಬಂದರು. ಹೆಂಡಿರು ಮಕ್ಕಳು ಊರಿನಲ್ಲಿಯೇ ಉಳಿಯಬೇಕು. ಗಂಡಸರು ಸುತ್ತುಗೋಡೆಯ ‘ಕಾಂಪೌಂಡು’ಗಳಲ್ಲಿ ಕರಾರಿನ ತಿಂಗಳುಗಳನ್ನು ಕಳೆದು ಹಿಂದಿರುಗಬೇಕು. 1911ರಿಂದ 1969ರವರೆಗಿನ ಲೆಕ್ಕವನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞ ಫ್ರಾನ್ಸಿಸ್ ವಿಲ್ಸನ್ನರು, ಬೆಲೆಯೇರಿಕೆಯನ್ನು ಕಳೆದರೆ ಕರಿಯ ಗಣಿಗಾರನ ನಿಜವಾದ ಕೂಲಿಯು ಆ 58 ವರ್ಷಗಳಲ್ಲಿ ಒಂದಿಷ್ಟೂ ಏರಲಿಲ್ಲವೆಂದು ತೋರಿಸಿಕೊಟ್ಟಿದ್ದಾರೆ.

ಇವರನ್ನು ತಂದುದೂ ಕೊಂಡೊಯ್ದುದೂ ಉಗಿಬಂಡಿ. 1897ರಲ್ಲಿ ರೈಲುದಾರಿಯು ದಕ್ಷಿಣದಿಂದ ನ್ದೆಬೆಲೆ ನಾಡಿನ ಬುಲವಾಯೊ ಪಟ್ಟಣವನ್ನು ಮುಟ್ಟಿತು. ಆ ಬಂಡಿಯೇ ನಮ್ಮ ಹಾಡಿನ ವಸ್ತು.

ಹಾಡಿನಲ್ಲಿ ಮಾತು ಬಹು ಸ್ವಲ್ಪ. ಮುಂದೆ ಸಾಗೆಂಬ ಪ್ರೇರಣೆ, ಆ ದೂರದ ಬೆಟ್ಟಗಳ ನಿರ್ದೇಶ, ಬಂಡಿಯು ಎಲ್ಲಿಂದ ಹೊರಟು ಬರುತ್ತಿದೆಯೆಂಬ ಒಂದು ವಾಕ್ಯ, ‘ನೀನು’ ಎಂದು ಯಾರನ್ನೋ ಕರೆದು ಓಡುತ್ತಿರುವೆಯೆಂದು ಹೇಳುವ ಇನ್ನೊಂದು ವಾಕ್ಯ: ಇಷ್ಟೇ ಅದರ ಶರೀರ. ಜುಲು ನ್ದೆಬೆಲೆಗಳೆರಡರ ಪದಗಳೂ ಇದರಲ್ಲಿ ಬೆರೆತಿವೆ. ಕಾವ್ಯಗುಣಗಳನ್ನು ಹುಡುಕುವ ಪಂಡಿತನು ಇಷ್ಟನ್ನು ಓದಿ ನಿರಾಶನಾಗಬಹುದು. ಆದರೂ ಎರಡು ಶಬ್ದಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು ಉಚಿತ.

ಮೊದಲನೆಯದು ಹಾಡಿನ ಹೆಸರೇ. ‘ಶೊಶೊಲೋಜ’ ಎಂದರೆ ಮುನ್ನಡೆ, ದಾರಿ ಮಾಡಿಕೊಂಡು ಸಾಗು ಎಂದು ಅರ್ಥ ಹೇಳುವರು. ಅದರ ಮೊದಲಿನ ಶಕಾರದ್ವಯವು ಉಗಿಬಂಡಿಯ ಸದ್ದನ್ನು ಅನುಕರಿಸುವುದೆಂಬುದು ಕೇಳಿದವರಿಗೆಲ್ಲ ತೋರುವ ಮಾತು. ಪಾಣಿನಿಯು ಅವ್ಯಕ್ತಾನುಕರಣವೆಂದೂ ನಮ್ಮ ವೈಯಾಕರಣರು ಅನುಕರಣಾವ್ಯಯವೆಂದೂ ಕರೆದ ಶಬ್ದಜಾತಿಗೆ ಬಾಂಟು ಭಾಷೆಗಳಲ್ಲಿ ಎಷ್ಟು ಪ್ರಾಬಲ್ಯವೆಂದರೆ, ಕ್ಲೆಮೆಂಟ್ ಡೋಕ್ ಎಂಬ ಭಾಷಾಶಾಸ್ತ್ರಜ್ಞರು 1935ರಲ್ಲಿ ಅದಕ್ಕೆ ಒಂದು ಹೊಸ ಪಾರಿಭಾಷಿಕವನ್ನೇ ಕಲ್ಪಿಸಿ, ಅದನ್ನು ಪ್ರತ್ಯೇಕ ಪದವರ್ಗವಾಗಿ ಎಣಿಸಿದರು. ನಾವು ‘ಧಗಧಗ’, ‘ಸರಸರ’ ಎಂಬವನ್ನು ವ್ಯಾಕರಣದ ಮೂಲೆಯಲ್ಲಿಟ್ಟಿರುವೆವು. ಅವರ ನುಡಿಯಲ್ಲಿ ಅವು ನಡುಮನೆಯಲ್ಲಿವೆ.

ಎರಡನೆಯದು ‘ಸ್ಟಿಮೇಲ’. ಇದು ಆಂಗ್ಲರ ‘ಸ್ಟೀಮರ್’ ಶಬ್ದದ ತದ್ಭವ. ಆದರೆ ತದ್ಭವವಾದ ರೀತಿಯನ್ನು ನೋಡಬೇಕು. ಙ್ಗುನಿ ಭಾಷೆಗಳಲ್ಲಿ ನಾಮಪದಗಳೆಲ್ಲ ಪೂರ್ವಪ್ರತ್ಯಯಗಳಿಂದ ವರ್ಗಗಳಾಗಿ ಹಂಚಿಕೆಯಾಗಿವೆ. ‘ಇಸಿ’ ಎಂಬ ಪೂರ್ವಪ್ರತ್ಯಯವುಳ್ಳ ಏಕವಚನಕ್ಕೆ ‘ಇಜಿ’ ಎಂಬುದು ಬಹುವಚನದಲ್ಲಿ ಬರುವುದು. ಪರಭಾಷೆಯ ಶಬ್ದದ ಮೊದಲ ಸಕಾರವನ್ನು ಅವರು ಧಾತುವಿನ ಅಂಶವೆಂದೆಣಿಸದೆ ತಮ್ಮ ಪ್ರತ್ಯಯವೆಂದೇ ಬಗೆದು, ‘ಇಸಿತಿಮೇಲ’ ಎಂದು ಒಂದು ಬಂಡಿಯನ್ನೂ ‘ಇಜಿತಿಮೇಲ’ ಎಂದು ಹಲವು ಬಂಡಿಗಳನ್ನೂ ಕರೆದರು. ತಮ್ಮನ್ನು ಹೊತ್ತೊಯ್ಯುವ ಯಂತ್ರವನ್ನು ತಡೆಯಲಾರದ ಜನರು ಅದರ ಹೆಸರನ್ನಾದರೂ ತಮ್ಮ ವ್ಯಾಕರಣಕ್ಕೆ ಬಗ್ಗಿಸಿಕೊಂಡರು.

ಇನ್ನು ಹಾಡುವ ಕ್ರಮ. ಒಬ್ಬನು ಹಾಡನ್ನೆತ್ತುವನು, ಉಳಿದವರು ಸೊಲ್ಲು ಹಿಡಿಯುವರು. ಸುತ್ತಿಗೆಯನ್ನೋ ಪಿಕಾಸಿಯನ್ನೋ ಎತ್ತುವುದಕ್ಕೊಂದು ಕಾಲ, ಇಳಿಸುವುದಕ್ಕೊಂದು ಕಾಲ. ಹಾಡಿನ ಘಾತವು ಬೀಳುವೆಡೆಯಲ್ಲಿ ಎಲ್ಲರ ಪೆಟ್ಟೂ ಒಟ್ಟಿಗೆ ಬೀಳುವುದು. ಇದರಿಂದ ಉಸಿರು ಸಮನಾಗುವುದು. ಇಕ್ಕಟ್ಟಿನಲ್ಲಿ ಒಬ್ಬನ ಸುತ್ತಿಗೆ ಇನ್ನೊಬ್ಬನಿಗೆ ತಗಲುವ ಅಪಾಯವೂ ಕಡಮೆಯಾಗುವುದು. ಬಳಲಿದವನು ನಡುವೆ ಅರೆಗಳಿಗೆ ಸೊಲ್ಲನ್ನು ಬಿಟ್ಟರೆ ಗುಂಪಿನ ಧ್ವನಿಯು ಅವನನ್ನು ಮರೆಮಾಡುವುದು. ನಾವು ಪಾಠಶಾಲೆಯಲ್ಲಿ ಸಂತೆ ಹೇಳುವಾಗ ಗುರುಗಳು ಒಮ್ಮೆ ಹೇಳಿದುದನ್ನು ಎರಡಾವೃತ್ತಿ ಹೇಳುತ್ತಿದ್ದೆವು; ಗುರುಗಳ ಧ್ವನಿಯು ಮುಗಿದ ಮೇಲೆಯೇ ನಮ್ಮದು ಆರಂಭ. ಙ್ಗುನಿ ಗಾನದಲ್ಲಿ ಹಾಗಲ್ಲ. ಎತ್ತುವವನ ಮಾತು ಮುಗಿಯುವ ಮೊದಲೇ ಸೊಲ್ಲು ಏಳುವುದು, ಸೊಲ್ಲು ಮುಗಿಯುವ ಮೊದಲೇ ಅವನು ಮತ್ತೆ ಎತ್ತುವನು. ಹೀಗೆ ಭಿನ್ನಭಿನ್ನ ಕ್ಷಣಗಳಲ್ಲಿ ಹೊರಟ ಪಾಲುಗಳು ಒಂದರ ಮೇಲೊಂದು ಹಾಯುವುದೇ ಆ ಜನರ ಸಮೂಹಗಾನದ ಮುಖ್ಯ ಲಕ್ಷಣವೆಂದು, ಅದನ್ನು ಕುರಿತು 1967ರಲ್ಲಿ ಬರೆದ ಡೇವಿಡ್ ರೈಕ್ರಾಫ್ಟರು ನಿರೂಪಿಸಿದ್ದಾರೆ. ಆದುದರಿಂದ ಈ ಹಾಡಿನಲ್ಲಿ ಮೌನಕ್ಕೆ ಎಡೆಯಿಲ್ಲ. ಓಡುವ ಬಂಡಿಯಲ್ಲಿಯೂ ಇಲ್ಲವಷ್ಟೆ.

ಪಾಠಾಂತರದ ವಿಷಯಕ್ಕೆ ಬರೋಣ. ಈ ಲೇಖನದ ಮುಖ್ಯ ವಿಚಾರವು ಇಲ್ಲಿಯೇ ಇರುವುದು. ಇಂದು ಲೋಕಪ್ರಸಿದ್ಧವಾದ ಪಾಠದಲ್ಲಿ ಬಂಡಿಯು ದಕ್ಷಿಣ ಆಫ್ರಿಕದಿಂದ ಹೊರಟುದು. ಬೇರೆ ಪಾಠದಲ್ಲಿ ಅದು ರೊಡೀಷಿಯದಿಂದ ಬರುವುದು. ಒಂದು ಪದದ ವ್ಯತ್ಯಾಸವಾದರೂ ಬಂಡಿಯ ದಿಕ್ಕೇ ತಿರುಗುವುದು. ರೊಡೀಷಿಯದಿಂದ ಬಂದರೆ ಅದು ಗಣಿಯ ಕಡೆಗೆ ಓಡುವ ಬಂಡಿ. ಹಾಡು ಊರನ್ನು ಬಿಟ್ಟ ದುಃಖ. ದಕ್ಷಿಣ ಆಫ್ರಿಕದಿಂದ ಬಂದರೆ ಅದು ಮನೆಯ ಕಡೆಗೆ ಓಡುವ ಬಂಡಿ. ಹಾಡು ಬಿಡುಗಡೆಯ ಸಂತೋಷ, ಅಥವಾ ಗಣಿಯಲ್ಲೇ ಉಳಿದವನು ಹೊರಟವನನ್ನು ನೋಡಿ ಪಡುವ ಅಸೂಯೆ. ಓಟಕ್ಕೆ ಪ್ರಯೋಗಿಸಿರುವ ಧಾತುವಿಗೆ ಓಡಿಹೋಗು, ತಪ್ಪಿಸಿಕೊಳ್ಳು ಎಂಬ ಅರ್ಥವೂ ಇರುವುದರಿಂದ ಸಂದೇಹವು ಇನ್ನೂ ಬಲವಾಗುವುದು. ‘ನೀನು’ ಎಂಬುದು ಬಂಡಿಯನ್ನೋ, ಅದರಲ್ಲಿ ಕುಳಿತವನನ್ನೋ? ಸುತ್ತಿಗೆಯನ್ನು ಹಿಡಿದು ನಿಂತವನ ಬಾಯಲ್ಲಿ ಈ ಶಬ್ದವು ಎರಡನ್ನೂ ಮುಟ್ಟುವುದು. ಇದು ಕವಿಯ ಚಮತ್ಕಾರದಿಂದಾದ ಶ್ಲೇಷವಲ್ಲ, ಅವನಿದ್ದ ಸ್ಥಿತಿಯಿಂದಾದ ಶ್ಲೇಷ.

ಅನೇಕಾರ್ಥಕ ಶಬ್ದವೊಂದರ ಅರ್ಥವನ್ನು ನಿಶ್ಚಯಿಸುವ ಸಾಧನಗಳಲ್ಲಿ ಪ್ರಕರಣ, ದೇಶ, ಕಾಲಗಳನ್ನು ಭರ್ತೃಹರಿಯು ‘ವಾಕ್ಯಪದೀಯ’ದಲ್ಲಿ ಎಣಿಸಿರುವನು. ಶ್ರಮಗೀತೆಯ ವಿಷಯದಲ್ಲಿ ಇವು ಸಂದೇಹ ಬಂದಾಗ ಮಾತ್ರ ಒದಗುವ ಸಾಧನಗಳಲ್ಲ. ಅರ್ಥದ ಬಹುಭಾಗವು ಇವುಗಳಲ್ಲಿಯೇ ಇರುವುದೆಂದು ನಮ್ಮ ಅಭಿಪ್ರಾಯ. ಇದಕ್ಕೆ ನೆಲ್ಸನ್ ಮಂಡೇಲರ ಆತ್ಮಕಥೆಗಿಂತ ಉತ್ತಮವಾದ ಪ್ರಮಾಣವು ಬೇಕಾಗಿಲ್ಲ. 1994ರಲ್ಲಿ ಪ್ರಕಟವಾದ ಆ ಗ್ರಂಥದಲ್ಲಿ ಅವರು ರಾಬೆನ್ ದ್ವೀಪದ ಬಂದಿಗಳ ಹಾಡುಗಳನ್ನು ನೆನೆಯುತ್ತ, ‘ಸ್ಟಿಮೇಲ’ ಎಂದು ಹೆಸರಿಸಿ, ದಕ್ಷಿಣ ರೊಡೀಷಿಯದಿಂದ ಇಳಿದುಬರುವ ಬಂಡಿಯ ಹಾಡೊಂದನ್ನು ಹೇಳುತ್ತಾರೆ. ಅದು ರಾಜಕೀಯದ ಹಾಡಲ್ಲವಾದರೂ ಆ ಸಂದರ್ಭದಲ್ಲಿ ರಾಜಕೀಯದ್ದೇ ಆಯಿತು, ಏಕೆಂದರೆ ಆ ಬಂಡಿಯಲ್ಲಿ ಬರುತ್ತಿರುವವರು ದಕ್ಷಿಣ ಆಫ್ರಿಕದ ಸೇನೆಯೊಡನೆ ಹೋರಾಡುವ ಗೆರಿಲ್ಲಾ ಯೋಧರೆಂಬುದು ಅಲ್ಲಿಯ ಧ್ವನಿಯಾಗಿತ್ತು, ಎಂಬುದು ಅವರ ವಿವರಣೆಯ ತಾತ್ಪರ್ಯ. ಆನಂದವರ್ಧನನ ಶಿಷ್ಯನು ಇದಕ್ಕಿಂತ ಚೆನ್ನಾದ ವ್ಯಂಗ್ಯಾರ್ಥದ ಉದಾಹರಣೆಯನ್ನು ಕೊಡಲಾರನು. ಒಂದಕ್ಷರವೂ ಬದಲಾಗದೆ ಕೂಲಿಗಳ ಬಂಡಿಯು ದಂಡಿನ ಬಂಡಿಯಾಯಿತು. ಜುಲು ಖೋಸಗಳನ್ನು ಬಲ್ಲ ಕಾವಲುಗಾರನೊಬ್ಬನು ಹಾಡುಗಳ ಅರ್ಥವನ್ನು ತಿಳಿದೊಡನೆ ಅಲ್ಲಿ ಹಾಡುವುದನ್ನೇ ನಿಲ್ಲಿಸಲಾಯಿತು. ಆ ಕಾವಲುಗಾರನನ್ನು ಒಳ್ಳೆಯ ಸಹೃದಯನೆಂದೇ ಹೇಳಬೇಕು.

ಮೂರನೆಯ ಪ್ರಕರಣವು ಇದಕ್ಕೆ ಪೂರ್ತಿ ಬೇರೆ. 1995ರ ಜೂನ್ 24ರಂದು ಜೊಹಾನ್ಸ್‌ಬರ್ಗಿನ ಎಲಿಸ್ ಪಾರ್ಕ್ ಮೈದಾನದಲ್ಲಿ ರಗ್ಬಿ ಜಗತ್‌ಸ್ಪರ್ಧೆಯ ಅಂತಿಮ ಪಂದ್ಯ ನಡೆದು, ದಕ್ಷಿಣ ಆಫ್ರಿಕವು ನ್ಯೂಜಿಲೆಂಡನ್ನು 15–12ರಿಂದ ಸೋಲಿಸಿತು. ಬಹುಪಾಲು ಬಿಳಿಯರಿಂದ ತುಂಬಿದ್ದ ಆ ಮೈದಾನದಲ್ಲಿ, ಅಧ್ಯಕ್ಷ ಮಂಡೇಲರು ನಾಯಕನ 6ನೆಯ ಸಂಖ್ಯೆಯ ಅಂಗಿಯನ್ನು ತೊಟ್ಟು ಬಂದ ದಿನ, ಈ ಹಾಡು ಮೊಳಗಿತು. ಒಂದು ಕಾಲಕ್ಕೆ ಕರಿಯ ಕೂಲಿಯ ಬಾಯಲ್ಲಿ ಬಿಳಿಯ ಮೇಸ್ತ್ರಿಯು ಕೇಳಿದ ಹಾಡನ್ನು ಈಗ ಬಿಳಿಯರೇ ಹಾಡಿದರು. ಲೇಡಿಸ್ಮಿತ್ ಬ್ಲ್ಯಾಕ್ ಮಂಬಾಜೊ ಮೇಳವು ಅದನ್ನು ಧ್ವನಿಮುದ್ರಿಸಿತು. ದೂರ ಪ್ರಯಾಣದ ರೈಲುಗಳಿಗೆ ‘ಶೊಶೊಲೋಜ ಮೇಲ್’ ಎಂದು ಹೆಸರಿಡಲಾಯಿತು. ಜನರು ಅದನ್ನು ಎರಡನೆಯ ರಾಷ್ಟ್ರಗೀತೆಯೆಂದು ಕರೆಯತೊಡಗಿದರು.

(ಇಲ್ಲಿ ಒಂದು ಮಾತು. ಕರ್ತೃವಿಲ್ಲದ ಹಾಡಾದುದರಿಂದ ಇದಕ್ಕೆ ಹಕ್ಕುದಾರನೂ ಇಲ್ಲ. ಕರ್ತೃವಿದ್ದರೂ ಫಲವೇನು? ಅದೇ ಜೊಹಾನ್ಸ್‌ಬರ್ಗಿನಲ್ಲಿ 1939ರಲ್ಲಿ ‘ಎಂಬೂಬೆ’ಯನ್ನು ಹಾಡಿ ಮುದ್ರಿಸಿದ ಸೊಲೊಮನ್ ಲಿಂಡನು 1962ರಲ್ಲಿ ಬಡವನಾಗಿಯೇ ತೀರಿಕೊಂಡನು. ಲೋಕವೆಲ್ಲ ಹಾಡಿದ ಆ ರಾಗದ ಪಾಲು ಅವನ ಹೆಣ್ಣುಮಕ್ಕಳಿಗೆ ಒಪ್ಪಂದದ ಮೂಲಕ ದೊರೆತುದು 2006ರಲ್ಲಿ.)

ಈ ಮೂರನೆಯ ಅರ್ಥವನ್ನು ಸುಳ್ಳೆಂದು ತಳ್ಳಿಹಾಕುವುದು ನಮ್ಮ ಉದ್ದೇಶವಲ್ಲ. ಹಾಡು ಯಾರ ಬಾಯಿಗೆ ಹತ್ತಿತೋ ಅವರದು. ಆದರೆ ಒಂದು ದೇಶದ ಹಾಡೆಂದು ಅದನ್ನು ಎತ್ತಿಹಿಡಿದಾಗ, ಅದನ್ನು ಹೊತ್ತುತಂದವರು ಗಡಿಯಾಚೆಯವರೆಂಬುದು ಮರೆತುಹೋಗುವುದು. ದಕ್ಷಿಣ ಆಫ್ರಿಕದಿಂದ ಹೊರಟ ಬಂಡಿಯ ಪಾಠವೇ ಎಲ್ಲೆಡೆಯೂ ನಿಂತು, ರೊಡೀಷಿಯದಿಂದ ಬಂದ ಬಂಡಿಯು ಹಿಂದೆ ಸರಿದುದು ಈ ಮರೆವಿಗೆ ಅನುಕೂಲವಾಯಿತೆಂದು ತೋರುತ್ತದೆ. 2008ರ ಮೇ ತಿಂಗಳಿನಲ್ಲಿ ಜೊಹಾನ್ಸ್‌ಬರ್ಗಿನ ಅಲೆಕ್ಸಾಂಡ್ರ ಬಡಾವಣೆಯಲ್ಲಿ ಮೊದಲಾಗಿ ಹಲವು ಕಡೆಗೆ ಹಬ್ಬಿದ ದಂಗೆಯಲ್ಲಿ, ಜಿಂಬಾಬ್ವೆ, ಮೊಜಾಂಬಿಕ್ ಮೊದಲಾದ ದೇಶಗಳಿಂದ ಕೂಲಿಗಾಗಿ ಬಂದವರ ಮೇಲೆ ಜನರು ಬಿದ್ದರು. 60ಕ್ಕೂ ಹೆಚ್ಚು ಮಂದಿ ಸತ್ತರು. ಪರದೇಶಿಯನ್ನು ಗುರುತಿಸಲು ದಾಳಿಕಾರರು ಮೊಣಕೈಯನ್ನು ತೋರಿಸಿ, ಇದಕ್ಕೆ ಜುಲುವಿನಲ್ಲಿ ಏನನ್ನುವರೆಂದು ಕೇಳುತ್ತಿದ್ದರೆಂಬ ವರದಿಗಳು ಆಗ ಪ್ರಕಟವಾದುವು. ಪದ ಬಾರದವನಿಗೆ ಪೆಟ್ಟು. ಭಾಷೆಯನ್ನು ಕಲಿಸುವವರಾದ ನಮಗೆ ಈ ಪರೀಕ್ಷೆಯು ಇತರರಿಗಿಂತ ಹೆಚ್ಚು ನಾಚಿಕೆಯನ್ನುಂಟುಮಾಡಬೇಕು.

ಆದುದರಿಂದ ಈ ಹಾಡನ್ನು ಜಾನಪದ ಪಾಠವಾಗಿ ತರಗತಿಯಲ್ಲಿ ಹೇಳುವ ಅಧ್ಯಾಪಕರು, ಪ್ರಚಲಿತ ಪಾಠವೊಂದನ್ನೇ ಕೊಟ್ಟು ‘ಐಕ್ಯದ ಗೀತೆ’ಯೆಂದು ಮುಗಿಸದೆ, ಬಂಡಿಯು ಹೊರಟ ಊರಿನ ಪಾಠಭೇದವನ್ನು ಎದುರುಬದುರಾಗಿ ಬರೆದು ತೋರಿಸುವುದು ಯುಕ್ತ. ಯಾವುದು ಮೂಲಪಾಠವೆಂಬ ವಾದಕ್ಕೆ ಹೋಗಬೇಕಾಗಿಲ್ಲ. ಬಾಯಿಂದ ಬಾಯಿಗೆ ಬಂದ ಹಾಡಿಗೆ ಆ ವಾದವು ಹೊಂದುವುದೂ ಇಲ್ಲ. ಬಂಡಿಯು ಎರಡೂ ದಿಕ್ಕಿಗೆ ಓಡಿತು, ಹೋದವರು ಹಿಂದಿರುಗಿದರು, ಹಿಂದಿರುಗಿದವರು ಮತ್ತೆ ಹೋದರು. ಹಿಂದಿರುಗಿದವರಲ್ಲಿ ಅನೇಕರು ಶ್ವಾಸಕೋಶದಲ್ಲಿ ಕಲ್ಲಿನ ಧೂಳನ್ನು ಹೊತ್ತೇ ಬಂದರು. ಆ ರೋಗಕ್ಕೆ ತುತ್ತಾದ ಗಣಿಗಾರರಿಗೂ ಸತ್ತವರ ಕುಟುಂಬಗಳಿಗೂ ಪರಿಹಾರ ಕೊಡಲು ಗಣಿ ಕಂಪನಿಗಳು ಮಾಡಿಕೊಂಡ ಸುಮಾರು 500 ಕೋಟಿ ರ್‍ಯಾಂಡುಗಳ ಒಪ್ಪಂದಕ್ಕೆ ಜೊಹಾನ್ಸ್‌ಬರ್ಗಿನ ಉಚ್ಚ ನ್ಯಾಯಾಲಯವು ಸಮ್ಮತಿಯಿತ್ತುದು 2019ರಲ್ಲಿ.