ಮುರಿದ ಹಿಮ್ಮಡಿಗೆ ಲೋಹದ ಆಸರೆ

ತೆಂಗಿನ ಮರದಿಂದಲೋ ಕಟ್ಟಡದ ಸಾರುವೆಯಿಂದಲೋ ಜಾರಿ, ನೆಟ್ಟಗೆ ಕಾಲೂರಿ ಬಿದ್ದವರ ಹಿಮ್ಮಡಿ ಮೂಳೆ ಮುರಿಯುವುದುಂಟು. ಶಸ್ತ್ರಚಿಕಿತ್ಸೆಯ ನಂತರದ ಎಕ್ಸ್-ರೇ ಚಿತ್ರದಲ್ಲಿ ಒಂದು ಪ್ಲೇಟು, ಕೆಲವು ಸ್ಕ್ರೂಗಳು ಕಾಣುತ್ತವೆ. ಇಷ್ಟು ಚಿಕ್ಕ ಲೋಹದ ತುಂಡು ಇಡೀ ದೇಹದ ಭಾರವನ್ನು ಹೊರಬಲ್ಲದೆ?

ಮೊದಲು ಪೆಟ್ಟಿನ ಲೆಕ್ಕ ನೋಡೋಣ. ಒಬ್ಬ ವ್ಯಕ್ತಿ 3 ಮೀಟರ್ ಎತ್ತರದಿಂದ ಬಿದ್ದು, ನೆಲ ಮುಟ್ಟಿದ ಮೇಲೆ ದೇಹ 10 ಸೆಂಟಿಮೀಟರ್ ಮಾತ್ರ ಕುಸಿದು ನಿಂತಿತೆಂದು ಇಟ್ಟುಕೊಳ್ಳಿ. ಪಾದಗಳ ಮೇಲಿನ ಸರಾಸರಿ ಬಲ ಅವನ ತೂಕದ 31 ಪಟ್ಟು! ಮೊಣಕಾಲು ಮಡಿಸಿ 30 ಸೆಂಟಿಮೀಟರ್ ಕುಸಿದರೆ ಅದು 11 ಪಟ್ಟಿಗೆ ಇಳಿಯುತ್ತದೆ.

ಹಿಮ್ಮಡಿ ಮೂಳೆಯ ಹೊರಪದರ ತೆಳು. ಒಳಗೆಲ್ಲ ರಸ್ಕಿನಂತೆ ರಂಧ್ರಮಯ. ಬಿದ್ದಾಗ ಅದರ ಮೇಲಿರುವ ಟ್ಯಾಲಸ್ ಮೂಳೆ ಸೌದೆ ಸೀಳುವ ಬೆಣೆಯಂತೆ ಒಳನುಗ್ಗುತ್ತದೆ. ಕೀಲಿನ ನುಣುಪಾದ ಮೇಲ್ಮೈ ಕುಸಿಯುತ್ತದೆ. ಹೊರಗೋಡೆ ಉಬ್ಬಿ ಹಿಮ್ಮಡಿ ಗಿಡ್ಡವೂ ಅಗಲವೂ ಆಗುತ್ತದೆ. ಈ ಕುಸಿತವನ್ನು ಅಳೆಯಲು ಆಸ್ಟ್ರಿಯದ ವೈದ್ಯ ಲೊರೆಂಟ್ಸ್ ಬೋಲರ್ ಅವರ ಹೆಸರಿನ ಕೋನವೊಂದಿದೆ. ಸಾಮಾನ್ಯವಾಗಿ 20ರಿಂದ 40 ಡಿಗ್ರಿ ಇರುವ ಅದು ಮೂಳೆ ಕುಸಿದಾಗ ಕಡಿಮೆಯಾಗುತ್ತದೆ.

ಶಸ್ತ್ರವೈದ್ಯರು ಕುಸಿದ ಮೇಲ್ಮೈಯನ್ನು ಎತ್ತಿ ಹೊಂದಿಸಿ, ಹೊರಬದಿಗೆ ಪ್ಲೇಟಿಟ್ಟು ಸ್ಕ್ರೂ ಹಾಕುತ್ತಾರೆ. ಒಳಬದಿಯಲ್ಲಿ ಟ್ಯಾಲಸ್‌ಗೆ ಆಸರೆಯಾದ ದಟ್ಟ ಮೂಳೆಯ ಚಾಚೊಂದಿದೆ. ಮುರಿತದಲ್ಲೂ ಅದು ಸಾಮಾನ್ಯವಾಗಿ ಸ್ಥಾನ ಬಿಡುವುದಿಲ್ಲ. ಮುಖ್ಯ ಸ್ಕ್ರೂಗಳ ಗುರಿ ಅದೇ.

ಸಾಧಾರಣ ಪ್ಲೇಟಿನಲ್ಲಿ ಸ್ಕ್ರೂ ಪ್ಲೇಟನ್ನು ಮೂಳೆಗೆ ಒತ್ತಿ ಹಿಡಿಯುತ್ತದೆ. ಅಲ್ಲಿ ಘರ್ಷಣೆಯೇ ಆಧಾರ. ಥರ್ಮೋಕೋಲಿಗೆ ಸ್ಕ್ರೂ ಹಾಕಿ ಅತಿಯಾಗಿ ಬಿಗಿಸಿ ನೋಡಿ, ಹಿಡಿತ ತಪ್ಪಿ ಸುಮ್ಮನೆ ಸುತ್ತುತ್ತದೆ. ಮೆತ್ತನೆಯ ಮೂಳೆಯಲ್ಲೂ ಇದೇ ಅಪಾಯ. 'ಲಾಕಿಂಗ್' ಪ್ಲೇಟಿನಲ್ಲಾದರೋ ಸ್ಕ್ರೂವಿನ ತಲೆಗೂ ಸುರುಳಿ ಗೆರೆಗಳಿದ್ದು, ಅದು ಪ್ಲೇಟಿನ ರಂಧ್ರದಲ್ಲೇ ಬಿಗಿಯಾಗುತ್ತದೆ. ಆಗ ಎಲ್ಲ ಸ್ಕ್ರೂಗಳೂ ಕೂಡಿ ಒಂದೇ ಚೌಕಟ್ಟಿನಂತೆ ಬಲವನ್ನು ಹಂಚಿಕೊಳ್ಳುತ್ತವೆ.

ಆದರೂ ಲೋಹ ಶಾಶ್ವತ ಕಂಬವಲ್ಲ. ಮೇಲಿನಿಂದ ದೇಹದ ಭಾರ ಒತ್ತುತ್ತದೆ. ಹಿಂದಿನಿಂದ ಮೀನಖಂಡದ ಸ್ನಾಯುರಜ್ಜು ಹಿಮ್ಮಡಿಯನ್ನು ಮೇಲಕ್ಕೆಳೆಯುತ್ತದೆ. ಹಿಂದೆ ಮುಂದೆ ಬಗ್ಗಿಸಿದ ತಂತಿ ತುಂಡಾಗುವಂತೆ, ಹೆಜ್ಜೆ ಹೆಜ್ಜೆಗೂ ಪ್ಲೇಟು ದಣಿಯುತ್ತದೆ. ತುಂಡುಗಳನ್ನು ಅವುಗಳ ಜಾಗದಲ್ಲಿ ಹಿಡಿದಿಡುವುದಷ್ಟೇ ಅದರ ಕೆಲಸ. ಭಾರ ಹೊರಬೇಕಾದುದು ಕೂಡಿಕೊಂಡ ಮೂಳೆಯೇ. ವಾರಗಟ್ಟಲೆ ಕಾಲೂರಬಾರದೆಂದು ವೈದ್ಯರು ಹೇಳುವುದು ಇದಕ್ಕಾಗಿ. ದಿನಗೂಲಿಯವರಿಗೆ ಇದು ಕಷ್ಟದ ಮಾತು ನಿಜ. ಆದರೆ ಅವಸರದಿಂದ ಕೀಲು ಮತ್ತೆ ಕುಸಿದರೆ ನೋವು, ಕುಂಟು ಕಾಯಂ ಆಗಬಹುದು.

ಎಲ್ಲ ಮುರಿತಕ್ಕೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಅಲ್ಲಿನ ಚರ್ಮದ ಕೆಳಗೆ ಮಾಂಸ ಕಡಿಮೆ. ಗಾಯ ಮಾಯಲು ತಡವಾಗಬಹುದು, ಸೋಂಕಿನ ಭಯವೂ ಉಂಟು. ನಿರ್ಧಾರ ವೈದ್ಯರದು. ನಮ್ಮ ಕರ್ತವ್ಯ ಇಷ್ಟು: ಎತ್ತರದಿಂದ ಬಿದ್ದವರನ್ನು ಎಬ್ಬಿಸಿ ನಡೆಸಬಾರದು. ಹಿಮ್ಮಡಿಗೆ ಬಿದ್ದ ಪೆಟ್ಟು ಬೆನ್ನುಮೂಳೆಗೂ ತಲುಪಿರಬಹುದು.