ಹತ್ತು ಡಾಲರಿನ ಭೂಮಿ

ಕೆನಡಾ ದೇಶದ ಆಲ್ಬರ್ಟಾ ಪ್ರಾಂತದಲ್ಲಿ, ಎಡ್ಮಂಟನ್ ನಗರದಿಂದ ಪೂರ್ವಕ್ಕೆ ಸುಮಾರು 50 ಕಿಲೋಮೀಟರ್ ಹೋದರೆ, ಹೆದ್ದಾರಿಯ ಬದಿಯಲ್ಲಿ ಒಂದು ಅಪೂರ್ವ ಗ್ರಾಮ ಕಾಣುತ್ತದೆ. ಮಣ್ಣು ಮೆತ್ತಿ ಸುಣ್ಣ ಬಳಿದ ಗೋಡೆಗಳು, ಹುಲ್ಲಿನ ಛಾವಣಿಗಳು, ಗುಮ್ಮಟದ ಇಗರ್ಜಿಗಳು! ಇದು ಉತ್ತರ ಅಮೆರಿಕವೆಂದರೆ ನಂಬುವುದೇ ಕಷ್ಟ. ಉಕ್ರೇನಿನಿಂದ ವಲಸೆ ಬಂದವರ ಬಾಳನ್ನು ಕಾಪಿಟ್ಟಿರುವ ಬಯಲು ವಸ್ತುಸಂಗ್ರಹಾಲಯವಿದು. 1971ರಲ್ಲಿ ಆರಂಭವಾದ ಇದನ್ನು 1975ರಲ್ಲಿ ಪ್ರಾಂತ ಸರ್ಕಾರ ವಹಿಸಿಕೊಂಡಿತು. ಸುತ್ತಣ ಹಳ್ಳಿಗಳ ಹಳೆಯ ಕಟ್ಟಡಗಳನ್ನು ಸಾಗಿಸಿ ತಂದು ಇಲ್ಲಿ ನಿಲ್ಲಿಸಿದ್ದಾರೆ. ಹಿಂದಿನ ಕಾಲದ ಉಡುಪು ತೊಟ್ಟ ಸ್ತ್ರೀಪುರುಷರು ಮನೆಗೆಲಸ, ತೋಟದ ಕೆಲಸ ಮಾಡುತ್ತಲೇ ಪ್ರೇಕ್ಷಕರಿಗೆ ಆ ದಿನಗಳ ಕಥೆ ಹೇಳುತ್ತಾರೆ.

ಕಥೆ ಮೊದಲಾಗುವುದು 1891ರಲ್ಲಿ. ಆಗ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ ಗಲೀಷಿಯದ ನೆಬಿಲಿವ್ ಗ್ರಾಮದಿಂದ ಇವಾನ್ ಪಿಲಿಪಿವ್, ವಾಸಿಲ್ ಎಲೆನಿಯಾಕ್ ಎಂಬ ಇಬ್ಬರು ಕೆನಡಾಕ್ಕೆ ಬಂದಿಳಿದರು. ಅವರ ನಾಡಿನಲ್ಲಿ ಹೊಲಗಳು ತಲೆಮಾರಿನಿಂದ ತಲೆಮಾರಿಗೆ ಪಾಲಾಗಿ ತುಂಡುತುಂಡಾಗಿದ್ದವು. ಕಾಡೆಲ್ಲ ಜಮೀನುದಾರನ ವಶ. ಕೆನಡಾದಲ್ಲಾದರೋ 10 ಡಾಲರ್ ಶುಲ್ಕ ತೆತ್ತರೆ 160 ಎಕರೆ! ಮೂರು ವರ್ಷ ನೆಲೆಸಿ, ಮನೆ ಕಟ್ಟಿ, ಉತ್ತು ಬಿತ್ತಿದರೆ ಭೂಮಿ ಸ್ವಂತ. 1895ರಲ್ಲಿ ಲ್ವಿವ್ ನಗರದ ಅಧ್ಯಾಪಕ ಒಸಿಪ್ ಒಲೆಸ್ಕಿವ್ ಪ್ರಕಟಿಸಿದ ಕಿರುಹೊತ್ತಗೆಗಳು ಹಳ್ಳಿಗಳಿಗೆ ಸುದ್ದಿ ಮುಟ್ಟಿಸಿದವು. 1914ರೊಳಗೆ ಸುಮಾರು 1,70,000 ಮಂದಿ ಸಮುದ್ರ ದಾಟಿದರು.

ಆದರೆ ಆ ಭೂಮಿಯ ಬೆಲೆ ಬರಿಯ 10 ಡಾಲರೇ? ಗ್ರಾಮದಲ್ಲಿರುವ ‘ಬುರ್ದೆಯ್’ ಎಂಬ ನೆಲಗುಡಿಸಲೇ ಇದಕ್ಕೆ ಉತ್ತರ. ಹೊಸದಾಗಿ ಬಂದ ಸಂಸಾರ ನೆಲದಲ್ಲಿ ಗುಂಡಿ ತೋಡಿ, ಮೇಲೆ ಮರದ ಗಳುಗಳನ್ನು ಓರೆಯಾಗಿ ನಿಲ್ಲಿಸಿ, ಹುಲ್ಲುಬೇರು ಹೆಣೆದ ಮಣ್ಣಿನ ಹೆಂಟೆಗಳನ್ನು ಹೊದಿಸುತ್ತಿತ್ತು. ಮಳೆ ಬಂದರೆ ಒಳಗೂ ನೀರು. ಚಳಿಗಾಲದಲ್ಲಿ ಹೊರಗೆ ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿಯುವ ಶೀತ. ಕೈಯಲ್ಲಿ ಕಾಸಿಲ್ಲದ ಗಂಡಸರು ರೈಲುದಾರಿಯ, ಗಣಿಗಳ ಕೂಲಿಗೆ ಹೋದರೆ ತಿಂಗಳುಗಟ್ಟಲೆ ಹಿಂದಿರುಗುತ್ತಿರಲಿಲ್ಲ. ಆಗ ಮರ ಕಡಿದು, ಬೇರು ಕಿತ್ತು, ಮಕ್ಕಳನ್ನೂ ಸಲಹಿದವಳು ಗೃಹಿಣಿ. ಊರಿನಲ್ಲಿ ಸೌದೆಗಾಗಿ ಪರದಾಡಿದ್ದ ಈ ಜನ ಬಯಲನ್ನು ಬಿಟ್ಟು ಮರಗಳಿರುವ ಭೂಮಿಯನ್ನೇ ಆಯ್ದುಕೊಂಡಿದ್ದರು. ಆ ಆಸೆಯೇ ಅವರ ದುಡಿಮೆಯನ್ನು ಇಮ್ಮಡಿಸಿತು.

ಕೆಲವು ವರ್ಷಗಳ ಮೇಲೆ ದಿಮ್ಮಿಗಳ ಮನೆ ಎದ್ದಿತು. ಬಾಗಿಲು ದಕ್ಷಿಣಕ್ಕೆ, ದೇವರ ಪಟಗಳು ಮೂಡಣ ಗೋಡೆಗೆ. ಮಣ್ಣಿಗೆ ಹುಲ್ಲು ಕಲಸಿ ಗೋಡೆಗೆ ಮೆತ್ತಿ ಸುಣ್ಣ ಬಳಿಯುವುದೂ ಹೆಂಗಸರ ಪಾಲಿನ ಕೆಲಸವೇ. ಒಳಗಿನ ದೊಡ್ಡ ಮಣ್ಣೊಲೆ ಹಗಲು ರೊಟ್ಟಿ ಬೇಯಿಸುತ್ತಿತ್ತು. ರಾತ್ರಿ ಮಕ್ಕಳು ಅದರ ಬೆಚ್ಚನೆಯ ಬೆನ್ನಮೇಲೆ ಮಲಗುತ್ತಿದ್ದರು.

ಬೆಲೆ ತೆತ್ತವರು ಇವರು ಮಾತ್ರವಲ್ಲ. ಸರ್ಕಾರ ಹೀಗೆ ಹಂಚಿದ ನೆಲ ಕ್ರೀ ಮೊದಲಾದ ಮೂಲನಿವಾಸಿಗಳದು. 1876ರ ಒಪ್ಪಂದದ ಅನಂತರ ಅವರು ಮೀಸಲು ಪ್ರದೇಶಗಳಿಗೆ ಸರಿಯಬೇಕಾಯಿತು. ವಲಸೆಗಾರರಿಗೂ ನೆಮ್ಮದಿ ಬಹುಕಾಲ ಉಳಿಯಲಿಲ್ಲ. ಮೊದಲ ಮಹಾಯುದ್ಧ ಬಂದಾಗ, ಶತ್ರುದೇಶವಾದ ಆಸ್ಟ್ರಿಯಾದ ಪ್ರಜೆಗಳೆಂಬ ಕಾರಣಕ್ಕೆ ಸಾವಿರಾರು ಉಕ್ರೇನಿಯನರನ್ನು ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಕೊನೆಯ ಶಿಬಿರ ಮುಚ್ಚಿದ್ದು 1920ರಲ್ಲಿ.

ಪಿಲಿಪಿವ್ ಅವರ ಮನೆ ಇಂದು ಆ ಗ್ರಾಮದಲ್ಲಿದೆ. ಎಲೆನಿಯಾಕ್ ದೀರ್ಘಕಾಲ ಬಾಳಿದರು. 1947ರ ಜನವರಿಯಲ್ಲಿ ಕೆನಡಾ ತನ್ನದೇ ಆದ ಪೌರತ್ವಪತ್ರವನ್ನು ಮೊತ್ತಮೊದಲಿಗೆ ನೀಡಿದಾಗ, ಒಟ್ಟಾವಾದಲ್ಲಿ ಪ್ರಧಾನಿ ಮೆಕೆಂಜಿ ಕಿಂಗ್ ಅವರೊಡನೆ ಅದನ್ನು ಪಡೆದ ಕೆಲವೇ ಮಂದಿಯಲ್ಲಿ ನೆಬಿಲಿವ್ ಗ್ರಾಮದ ಈ ವೃದ್ಧ ರೈತರೂ ಒಬ್ಬರಾಗಿದ್ದರು.