ಟಿಎಸ್‌ಎಚ್ ಜಾಸ್ತಿ ಅಂದ್ರೆ ಥೈರಾಯ್ಡ್ ಜಾಸ್ತಿ ಅಂತಲ್ಲ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೂತಿದ್ರೆ ಒಂದು ಕೆಲಸ ಮಾಡಿ. ಕತ್ತಿನ ಮುಂಭಾಗದಲ್ಲಿ, ಧ್ವನಿಪೆಟ್ಟಿಗೆಯ ಸ್ವಲ್ಪ ಕೆಳಗೆ ಎರಡು ಬೆರಳಿಟ್ಟು ಉಗುಳು ನುಂಗಿ. ಏನೋ ಮೇಲೆ ಹೋಗಿ ಕೆಳಗೆ ಬಂತಲ್ವಾ? ಅದರ ಜೊತೆಗೇ ಏರಿ ಇಳಿಯೋದು ಥೈರಾಯ್ಡ್ ಗ್ರಂಥಿ. ಚಿಟ್ಟೆಯ ಆಕಾರ, ತೂಕ ಹೆಚ್ಚುಕಮ್ಮಿ 20 ಗ್ರಾಂ. ಚೆನ್ನಾಗಿದ್ದಾಗ ಕೈಗೆ ಸಿಗೋದೇ ಕಷ್ಟ.

ನನಗೆ ಅದರ ನೆನಪಾಗಿದ್ದು 22ನೇ ವಯಸ್ಸಲ್ಲಿ, ಬೆಂಗಳೂರಿನ ಪಿಜಿಯಲ್ಲಿ. ರಾತ್ರಿ 11ಕ್ಕೆ ಫೋನಿಗೆ ಒಂದು ಪಿಡಿಎಫ್ ಬಂತು. ಟಿಎಸ್‌ಎಚ್ 18, ಪಕ್ಕದಲ್ಲಿ ಮೇಲ್ಮುಖದ ಕೆಂಪು ಬಾಣ. ಸಾಮಾನ್ಯವಾಗಿ ಅದು 4ರ ಆಸುಪಾಸಿನ ಒಳಗಿರಬೇಕು. ಸರಿ, ನನ್ನ ಥೈರಾಯ್ಡ್ ಓವರ್‌ಟೈಮ್ ಮಾಡ್ತಿದೆ ಅಂದ್ಕೊಂಡು ಬೆಳಗಿನವರೆಗೂ ಏನೇನೋ ಓದಿದೆ. ಒಂದೂ ನನಗೆ ಹೊಂದಲಿಲ್ಲ. ನನಗಿದ್ದದ್ದು ಏಪ್ರಿಲ್‌ನಲ್ಲೂ ಚಳಿ. ರೂಮ್‌ಮೇಟ್‌ಗಳು ಫ್ಯಾನ್ ಹಾಕಿದ್ರೆ ನಾನು ಕಂಬಳಿ ಹೊದೀತಿದ್ದೆ. ಬಚ್ಚಲ ಜಾಲರಿಯಲ್ಲಿ ದಿನಾ ಕೂದಲು, ಮುಟ್ಟು ಏರುಪೇರು, ಹತ್ತು ಗಂಟೆ ಮಲಗಿದ್ರೂ ಸುಸ್ತು. ಅಮ್ಮ ಫೋನಲ್ಲಿ, “ಮೊಬೈಲ್ ನೋಡ್ಕೊಂಡು ಕೂತ್ರೆ ಇನ್ನೇನಾಗುತ್ತೆ” ಅಂತಿದ್ರು. ನಾನೂ ಅದನ್ನೇ ನಂಬಿದ್ದೆ, ನಾನು ಸೋಮಾರಿ ಅಂತ.

ಬಾಣ ತಪ್ಪಾಗಿರಲಿಲ್ಲ, ನಾನು ಓದಿದ್ದು ತಲೆಕೆಳಗಾಗಿತ್ತು. ಟಿಎಸ್‌ಎಚ್ ಥೈರಾಯ್ಡ್‌ನಿಂದ ಬರೋದೇ ಅಲ್ಲ. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಇರೋ ಪಿಟ್ಯೂಟರಿ ಗ್ರಂಥಿ ಥೈರಾಯ್ಡ್‌ಗೆ ಕಳಿಸೋ ಆದೇಶ ಅದು. ಅಡುಗೆಮನೆಯಿಂದ ಅಮ್ಮ ಕರೆಯೋದನ್ನ ನೆನಪಿಸಿಕೊಳ್ಳಿ. ಮೊದಲ ಸಲ ಮೆತ್ತಗೆ. ಓಗೊಡದಿದ್ರೆ ಸ್ವಲ್ಪ ಜೋರಾಗಿ. ಆಮೇಲೆ ಪಕ್ಕದ ಮನೆಗೂ ಕೇಳೋ ಹಾಗೆ. ಟಿಎಸ್‌ಎಚ್ 18 ಅಂದ್ರೆ ಪಿಟ್ಯೂಟರಿ ಕಿರುಚ್ತಾ ಇದೆ, ಥೈರಾಯ್ಡ್ ಕೈಲಿ ಕೆಲಸ ಆಗ್ತಿಲ್ಲ ಅಂತ.

ಏನು ಕೆಲಸ? ಟಿ4 ಮತ್ತು ಟಿ3 ಅನ್ನೋ ಹಾರ್ಮೋನ್ ತಯಾರಿಸೋದು. ಆ 4, 3 ಅಯೋಡಿನ್ ಪರಮಾಣುಗಳ ಲೆಕ್ಕ. ಹೆಚ್ಚು ತಯಾರಾಗೋದು ಟಿ4. ಯಕೃತ್ತು ಮತ್ತಿತರ ಅಂಗಗಳು ಅದರಿಂದ ಒಂದು ಅಯೋಡಿನ್ ತೆಗೆದು ಟಿ3 ಮಾಡಿಕೊಳ್ತವೆ. ಹೃದಯ ಎಷ್ಟು ಬೇಗ ಬಡೀಬೇಕು, ಮೈ ಎಷ್ಟು ಬೆಚ್ಚಗಿರಬೇಕು, ಕರುಳು ಎಷ್ಟು ಚುರುಕಾಗಿರಬೇಕು ಅನ್ನೋ ವೇಗವನ್ನು ಹೊಂದಿಸೋದು ಈ ಟಿ3.

ಅಯೋಡಿನ್ ಸಿಗದೆ ಗ್ರಂಥಿ ಊದಿಕೊಂಡ್ರೆ ಅದೇ ಗಳಗಂಡ. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಲ್ಲಿ ಶುರುವಾದ ಅಧ್ಯಯನ, ಉಪ್ಪಿಗೆ ಅಯೋಡಿನ್ ಸೇರಿಸಿದ್ರೆ ಗಳಗಂಡ ಇಳಿಯುತ್ತೆ ಅಂತ ತೋರಿಸಿತು. ನಮ್ಮ ಅಡುಗೆಮನೆಗೆ ಅಯೋಡಿನ್ ಉಪ್ಪು ಬಂದ ಕಥೆ ಅಲ್ಲಿಂದ. ಆದ್ರೆ ನನ್ನ ಸಮಸ್ಯೆ ಉಪ್ಪಿನದ್ದಲ್ಲ. ನಮ್ಮದೇ ರೋಗನಿರೋಧಕ ಪಡೆ ಥೈರಾಯ್ಡನ್ನು ಶತ್ರು ಅಂದ್ಕೊಂಡು ನಿಧಾನಕ್ಕೆ ಹಾಳುಮಾಡೋ ಹಶಿಮೋಟೋ ಕಾಯಿಲೆ. 1912ರಲ್ಲಿ ಇದನ್ನ ಮೊದಲು ವಿವರಿಸಿದ ಜಪಾನಿ ವೈದ್ಯರ ಹೆಸರೇ ಅದಕ್ಕಿದೆ. ಗಂಡಸರಿಗಿಂತ ಹೆಂಗಸರಲ್ಲಿ ತುಂಬಾ ಜಾಸ್ತಿ. ಇದಕ್ಕೆ ಉಪ್ಪು ಹೆಚ್ಚು ತಿಂದು ಪ್ರಯೋಜನವಿಲ್ಲ.

ಇದರ ಉಲ್ಟಾ ಕೇಸೂ ಇದೆ. ಗ್ರೇವ್ಸ್ ಕಾಯಿಲೆಯಲ್ಲಿ ಥೈರಾಯ್ಡ್ ನಿಜಕ್ಕೂ ಓವರ್‌ಟೈಮ್ ಮಾಡುತ್ತೆ. ಎದೆ ಡವಡವ, ಕೈ ನಡುಕ, ಚೆನ್ನಾಗಿ ತಿಂದ್ರೂ ತೂಕ ಇಳಿಕೆ, ಕೆಲವರಿಗೆ ಕಣ್ಣು ಮುಂದಕ್ಕೆ ಬಂದ ಹಾಗೆ. ಆಗ ಟಿಎಸ್‌ಎಚ್ ಸೊನ್ನೆ ಹತ್ತಿರ ಇರುತ್ತೆ, ಯಾಕಂದ್ರೆ ಕರೆಯೋ ಅಗತ್ಯವೇ ಇಲ್ಲ.

ನನಗೆ ಡಾಕ್ಟರ್ ಕೊಟ್ಟಿದ್ದು ಲೆವೊಥೈರಾಕ್ಸಿನ್ ಮಾತ್ರೆ. ಹೊರಗಿಂದ ಕೊಡೋ ಟಿ4, ಅಷ್ಟೇ. ಟಿಎಸ್‌ಎಚ್ ಸ್ವಲ್ಪ ಮಾತ್ರ ಹೆಚ್ಚಿದ್ದು ಟಿ4 ಸರಿಯಿದ್ರೆ ಎಲ್ಲರಿಗೂ ಮಾತ್ರೆ ಬೇಕಾಗಲ್ಲ, ಮತ್ತೆ ಟೆಸ್ಟ್ ಮಾಡಿ ನೋಡ್ತಾರೆ. ನನಗೆ ಬೇಕಿತ್ತು. ಮೂರು ತಿಂಗಳಲ್ಲಿ ಮನುಷ್ಯಳಾದೆ. ನಾಲ್ಕನೇ ತಿಂಗಳು, ವಾಸಿಯಾಯ್ತಲ್ಲ ಅಂತ ನಾನೇ ನಿಲ್ಲಿಸಿದೆ. ಎರಡು ವಾರ ಏನೂ ಆಗಲಿಲ್ಲ, ಗೆದ್ದೆ ಅಂದ್ಕೊಂಡೆ. ಮೋಸ ಅಲ್ಲೇ ಇರೋದು. ರಕ್ತದಲ್ಲಿರೋ ಟಿ4 ಅರ್ಧಕ್ಕಿಳಿಯೋಕೇ ಸುಮಾರು ಏಳು ದಿನ ಬೇಕು. ಡೋಸ್ ಬದಲಿಸಿದ್ರೆ ಆರರಿಂದ ಎಂಟು ವಾರ ಬಿಟ್ಟು ಟೆಸ್ಟ್ ಮಾಡಿಸೋದೂ ಅದಕ್ಕೇ. ಮುಂದಿನ ರಿಪೋರ್ಟ್‌ನಲ್ಲಿ ಟಿಎಸ್‌ಎಚ್ 31.

ಡಾಕ್ಟರ್ ಬೈಲಿಲ್ಲ. “ಮುಂದೆ ಮಗು ಬೇಕು ಅನ್ನೋ ಯೋಚನೆ ಇದೆಯಾ?” ಅಂದ್ರು. ನನಗೆ ಸಿಟ್ಟು ಬಂತು, ಇಲ್ಲೂ ಮದುವೆ ವಿಷಯಾನಾ ಅಂತ. ಆಮೇಲೆ ಅವರು ವಿವರಿಸಿದ್ರು: ಗರ್ಭದ ಮೊದಲ ಮೂರು ತಿಂಗಳು ಮಗುವಿನ ಮಿದುಳು ಬೆಳೆಯೋಕೆ ತಾಯಿಯ ಹಾರ್ಮೋನೇ ಆಧಾರ. ಬಸಿರು ಅಂತ ಗೊತ್ತಾಗೋ ಹೊತ್ತಿಗೆ ಅದರಲ್ಲಿ ಸುಮಾರು ದಿನ ಕಳೆದಿರುತ್ತೆ. ಸಿಟ್ಟು ಇಳಿಯಿತು.

ಆಮೇಲೆ ಕೇಳಿದ್ರು, “ಕೂದಲಿಗೆ ಏನಾದ್ರೂ ತಗೋತೀಯಾ?” ಬಯೋಟಿನ್ ಗಮ್ಮಿ ತಿಂತಿದ್ದೆ. ಅದು ಕೆಲವು ಲ್ಯಾಬ್ ವಿಧಾನಗಳಲ್ಲಿ ಟಿಎಸ್‌ಎಚ್ ಅನ್ನು ಇರೋದಕ್ಕಿಂತ ಕಮ್ಮಿ ತೋರಿಸಬಹುದಂತೆ. ಟೆಸ್ಟ್‌ಗೆ ಮೊದಲು ಹೇಳಿ, ಎರಡು ದಿನವಾದ್ರೂ ನಿಲ್ಲಿಸಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೂ ಥೈರಾಯ್ಡ್ ಮಾತ್ರೆಗೂ ನಾಲ್ಕು ಗಂಟೆ ಅಂತರ ಇರಬೇಕು.

ಅತಿ ಕಷ್ಟ ಅಂದ್ರೆ ಕಾಫಿ. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಿ, ಅರ್ಧದಿಂದ ಒಂದು ಗಂಟೆ ಕಾಯಬೇಕು. ನಮ್ಮ ಪಿಜಿಯಲ್ಲಿ ಕಾಫಿ 7ಕ್ಕೆ, ಹಾಗಾಗಿ ನನ್ನ ಅಲಾರಂ 6ಕ್ಕೆ, ಭಾನುವಾರವೂ. ಫ್ಯಾನ್ ಜಗಳ ಮುಗಿದಿದೆ. ರೂಮ್‌ಮೇಟ್‌ಗಳು ಈಗ ಬೈಯೋದು ಅಲಾರಂಗೆ.